ಅರಮನೆ ಬಾಗಿಲಿನ ಅರ್ಜಿ ಡಬ್ಬಿ

ಜೂನ್ 3, ಸೋಮವಾರ

ಇವತ್ತಿನಿಂದ ನಾನು ಕಂಪ್ಯೂಟರ್ ಆಟ ತಯಾರಿಸುವ ಕಂಪನಿಯ ನೌಕರ. ಐವತ್ತಮೂರು ವರ್ಷದವನು ಆಟದ ಕೆಲಸಕ್ಕೆ ಸೇರಿದ್ದೇನೆ ಎಂದು ಬರೆಯಲು ಪೆನ್ನು ನಾಚುತ್ತಿದೆ. ಇಪ್ಪತ್ತಾರು ವರ್ಷ ಅಚ್ಚುಕೂಟದಲ್ಲಿ ಅಕ್ಷರ ಜೋಡಿಸಿದವನು ನಾನು. ಈ ಊರಿನ ಯಾವ ಮುಷ್ಕರದ ಕರಪತ್ರ ನನ್ನ ಕೈ ತಪ್ಪಿಸಿಕೊಂಡು ಹೋಗಿದೆ, ತೋರಿಸಲಿ ನೋಡೋಣ. ಅಚ್ಚುಕೂಟ ಮುಚ್ಚಿದರು. ಮುಚ್ಚಿದ್ದನ್ನು ಖಂಡಿಸಿ ನಾನೊಂದು ಕರಪತ್ರ ಬರೆದೆ. ಅಚ್ಚು ಹಾಕಲು ಅಚ್ಚುಕೂಟವೇ ಇರಲಿಲ್ಲ.

ಮೂರು ತಿಂಗಳು ಪರೀಕ್ಷೆಯ ಅವಧಿ. ಆಮೇಲೆ ಖಾಯಂ, ಇಲ್ಲವೇ ಮನೆ. ಖಾಯಂ ಮಾಡಿ ಅಂತ ನಾನೇನೂ ಯಾರ ಕಾಲೂ ಹಿಡಿಯುವುದಿಲ್ಲ. ಹೊಟ್ಟೆಪಾಡಿಗೆ ಮೂರು ತಿಂಗಳು, ಅಷ್ಟೇ.

ಮಾಲೀಕನಿಗೆ ಮೂವತ್ತೊಂದು. "ಇಲ್ಲಿ ಯಾರೂ ಮಾಲೀಕರಲ್ಲ, ಎಲ್ಲ ಒಂದೇ ಕುಟುಂಬ. ನನ್ನನ್ನ ಅಣ್ಣ ಅಂದ್ರೆ ಸಾಕು" ಅಂದ.

"ನಾನು ನಿಮಗಿಂತ ಇಪ್ಪತ್ತೆರಡು ವರ್ಷ ದೊಡ್ಡವನು" ಅಂದೆ.

"ಪರವಾಗಿಲ್ಲ" ಅಂದ.

ಈ ಕುಟುಂಬದೊಳಗೆ ಹೋಗಬೇಕಾದರೆ ಬಾಗಿಲಲ್ಲಿ ಬೆರಳೊತ್ತಬೇಕು. ಯಂತ್ರ ನನ್ನ ಹೆಬ್ಬೆರಳನ್ನು ಮೂರು ಸಲ ತಿರಸ್ಕರಿಸಿತು. ಸೀಸದ ಅಚ್ಚಿನ ಮೊಳೆ ಹಿಡಿದು ಹಿಡಿದು ಗೆರೆಯೆಲ್ಲ ಸವೆದಿದೆ. ಕೊನೆಗೆ ಕಿರುಬೆರಳಿಗೆ ಬಾಗಿಲು ತೆರೆಯಿತು.

ಮನೆಗೆ ಬಂದರೆ ಇವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. "ಬಂದ್ರಾ? ನಿಮ್ಮ ಹತ್ರ ಒಂದು ಮಾತು..." ಅಂದಳು. ಧೈರ್ಯ ಹೇಳಲು ಬಂದಳು, ಪಾಪ. "ಹೆದರಬೇಡ, ನಾನು ಇಂಥವರನ್ನ ಎಷ್ಟೋ ನೋಡಿದೀನಿ" ಅಂದೆ. ಅವಳು ಮತ್ತೆ ಯಂತ್ರ ತುಳಿಯತೊಡಗಿದಳು. ಮೂವತ್ತು ವರ್ಷದ ಸಂಸಾರ. ಅವಳು ಬಾಯಿ ತೆರೆಯುವ ಮೊದಲೇ ಅವಳ ಮಾತು ನನಗೆ ತಿಳಿದುಬಿಡುತ್ತದೆ.

ಜೂನ್ 7, ಶುಕ್ರವಾರ

ಆಟ ಏನೆಂದು ತಿಳಿಯಿತು. ಒಂದು ರಾಜ್ಯ. ಆಡುವವನು ಅಲ್ಲಿಯ ಸಾಮಾನ್ಯ ಪ್ರಜೆ. ಕಟ್ಟಿಗೆ ಕಡಿಯಬೇಕು, ಬಾವಿ ತೋಡಬೇಕು, ಅರಮನೆಗೆ ಕಲ್ಲು ಹೊರಬೇಕು. ಚೆನ್ನಾಗಿ ಹೊತ್ತರೆ ಮೇಲಿನ ಹಂತ. ಅಲ್ಲಿ ಇನ್ನೂ ದೊಡ್ಡ ಕಲ್ಲು. ಇದನ್ನು ಜನ ರಜೆಯ ದಿನ ಸ್ವಂತ ಇಷ್ಟದಿಂದ ಆಡುತ್ತಾರಂತೆ. ಯಾರು ಯಾರ ತಲೆಗೆ ಏನು ತುಂಬಿದ್ದಾರೋ.

ಆಟದೊಳಗಿನ ಜನರಿಗೆ ಮಾತು ಬರೆಯುವುದು ನನ್ನ ಕೆಲಸ. ಕಲ್ಲು ಹೊರುವವನಿಗೆ ಒಂದು ಸಾಲು ಬೇಕು ಅಂದರು. ಹದಿನಾಲ್ಕು ಸಾಲು ಬರೆದುಕೊಟ್ಟೆ. ಮಾಲೀಕ ಓದಿ ಕತ್ತು ತುರಿಸಿಕೊಂಡ.

"ಇವನು 'ನಮಸ್ಕಾರ, ಬಿಸಿಲು ಜೋರು' ಅಂದಿದ್ರೆ ಸಾಕಿತ್ತಲ್ಲ."

"ಬಿಸಿಲು ಯಾರಿಗೆ ಜೋರು, ಯಾರಿಗೆ ನೆರಳು, ಅದೇ ಪ್ರಶ್ನೆ."

ಬಾವಿಯ ಹತ್ತಿರದ ಅಜ್ಜಿಗೆ ಬರೆದದ್ದೂ ವಾಪಸ್ ಬಂತು. ಕಾವಲುಗಾರನದೂ ಬಂತು. ಕುದುರೆಗೆ ಬರೀ ಕೆನೆತ ಬರೆದೆ. ಅದೊಂದು ಪಾಸಾಯಿತು.

ಜೂನ್ 11, ಮಂಗಳವಾರ

ನನ್ನನ್ನು ಮಾತಿನಿಂದ ಎತ್ತಿ ಡಬ್ಬಿಗೆ ಹಾಕಿದ್ದಾರೆ.

"ನಿಮಗೆ ಟೈಪಿಂಗ್ ವೇಗ ಇದೆ. ಮಾತೇ ಬೇಡದ ಕೆಲಸ ಕೊಡ್ತೀನಿ" ಅಂದ ಮಾಲೀಕ. ಆಟ ಆಡುವವರು ಏನಾದರೂ ಬರೆಯಬೇಕಾದ ಕಡೆ ಪರದೆಯ ಮೇಲೆ ಒಂದು ಖಾಲಿ ಚೌಕ ಬರುತ್ತದಲ್ಲ, ಅದನ್ನು ಮಾಡುವ ಕೆಲಸ. ಅದಕ್ಕೆ ಇಲ್ಲಿಯವರು ಪಠ್ಯ ಪೆಟ್ಟಿಗೆ ಅನ್ನುತ್ತಾರೆ. ನಾನು ಡಬ್ಬಿ ಅನ್ನುತ್ತೇನೆ. ನನ್ನ ಬಾಯಿ ಮುಚ್ಚಿಸಲೆಂದೇ ಇದನ್ನು ಕೊಟ್ಟಿದ್ದಾರೆ. ಗೊತ್ತಾಗದಷ್ಟು ದಡ್ಡನಲ್ಲ.

ಕಲಿಸಲು ಪಕ್ಕದ ಮೇಜಿನ ಹುಡುಗಿಯನ್ನು ಕೂರಿಸಿದ್ದಾರೆ. ಮುಖಕ್ಕಿಂತ ದೊಡ್ಡ ಕನ್ನಡಕ. ಅದರ ಹಿಂದೆ ಯಾರೋ ಒಬ್ಬಳು ಇದ್ದಾಳೆ ಎನ್ನುವುದು ನಂಬಿಕೆಯ ವಿಷಯ. ಅವಳು ನನ್ನನ್ನು ಅಂಕಲ್ ಅಂದಳು. "ಕಾಮ್ರೇಡ್ ಅನ್ನು" ಅಂದೆ. "ಆಯ್ತು ಅಂಕಲ್" ಅಂದಳು.

ಕೆಲಸ ಇಷ್ಟು. ಪರದೆಯ ಎಡಭಾಗದಲ್ಲಿ ಸಾಲು ಸಾಲಾಗಿ ಆಜ್ಞೆ ಬರೆಯಬೇಕು. ಇಲ್ಲೊಂದು ಡಬ್ಬಿ ಇಡು. ಇಷ್ಟು ಅಗಲ, ಇಷ್ಟು ಎತ್ತರ. ಇಷ್ಟೇ ಅಕ್ಷರ ಹಿಡಿಯಬೇಕು. ಎಂಟರ್ ಒತ್ತಿದರೆ ಇಂಥದ್ದು ಮಾಡು. ಬರೆದದ್ದೆಲ್ಲ ಬಲಭಾಗದಲ್ಲಿ ಕಾಣುತ್ತದೆ. ಒಂದು ಅಲ್ಪವಿರಾಮ ಬಿಟ್ಟರೆ ಏನೂ ಕಾಣುವುದಿಲ್ಲ. ಇವತ್ತು ಸಂಜೆಯ ತನಕ ಏನೂ ಕಾಣಲಿಲ್ಲ.

ಜೂನ್ 14, ಶುಕ್ರವಾರ

ಡಬ್ಬಿ ಕಂಡಿತು. ಪ್ರಜೆಯ ಹೆಸರು ಕೇಳುವ ಡಬ್ಬಿ. ಆದರೆ ಆಕಾಶದಲ್ಲಿ, ಮೋಡದ ಪಕ್ಕ. ಅಗಲ ಎತ್ತರ ಅದಲು ಬದಲಾಗಿ ಏಣಿಯಂತೆ ನಿಂತಿತ್ತು. ಸಾಲಿಗೆ ಒಂದೇ ಅಕ್ಷರ ಹಿಡಿಯಿತು.

ಪಕ್ಕದ ಮೇಜಿನ ಕನ್ನಡಕ ನಗಲಿಲ್ಲ. "ಮೊದಲ ಡಬ್ಬಿ ಅಂಕಲ್. ನಂದು ರಾಜನ ಮುಖದ ಮೇಲೆ ಬಂದಿತ್ತು" ಅಂದಳು. ಈ ಹುಡುಗಿಗೆ ವರ್ಗಪ್ರಜ್ಞೆ ಇದೆ ಅನ್ನಿಸಿತು. ಕಣ್ತಪ್ಪಿನಿಂದ ಆದದ್ದು ಅಂದಳು. ಇರಲಿ.

ಜೂನ್ 27, ಗುರುವಾರ

ಮುಖ್ಯವಾದ ಡಬ್ಬಿ ಇದು. ಅರಮನೆಯ ಬಾಗಿಲಲ್ಲಿ ಪ್ರಜೆ ನಿಂತು ರಾಜನಿಗೆ ಅರ್ಜಿ ಬರೆಯುತ್ತಾನೆ. ಬರೆದು ಎಂಟರ್ ಒತ್ತಿದರೆ ಬಾಗಿಲು ತೆರೆದು ಮುಂದಿನ ಹಂತ. ಅರ್ಜಿ ಎಲ್ಲಿಗೆ ಹೋಗಬೇಕು ಅಂತ ಕೇಳಿದೆ. "ಎಲ್ಲಿಗೂ ಬೇಡ. ಬರೆದ ಅನುಭವ ಆದ್ರೆ ಸಾಕು" ಅಂದ ಮಾಲೀಕ. ನಾನು ತಲೆಯಾಡಿಸಿ ಬಂದು, ಎಲ್ಲ ಅರ್ಜಿಯೂ ಒಂದು ಕಡತಕ್ಕೆ ಹೋಗಿ ಬೀಳುವ ಹಾಗೆ ಒಂದು ಸಾಲು ಬರೆದೆ. ಅರ್ಜಿ ಎಲ್ಲಿಗೂ ಹೋಗದ ವ್ಯವಸ್ಥೆಯನ್ನು ಈ ಕೈ ಕಟ್ಟುವುದಿಲ್ಲ.

ಮಧ್ಯಾಹ್ನ ಕೆಳಗಿನ ಕೋಣೆಯಿಂದ ದೂರು ಬಂತು. ಕೆಳಗೆ ಏಳು ಜನ ಇದ್ದಾರೆ. ಬೆಳಗಿನಿಂದ ಸಂಜೆವರೆಗೂ ಆಟ ಆಡಿ ತಪ್ಪು ಹುಡುಕುವುದು ಅವರ ಕೆಲಸ. ದೂರು ತಂದವಳು ಹಿಂದೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಹೆಂಗಸು. ಮೆಟ್ಟಿಲು ಹತ್ತಿ ಬಂದು ಮೇಜಿಗೆ ಕೈ ಊರಿದಳು.

"ಡಬ್ಬಿ ಮಾಡಿದ್ದು ನೀವೇನಾ?"

"ಹೌದು."

"ಅರ್ಜಿ ಬರೀತಾ ಬರೀತಾ ಮನುಷ್ಯ ಸಾಯ್ತಾನೆ ಕಣ್ರೀ."

"ಅದು ವಾಸ್ತವ" ಅಂದೆ.

"ವಾಸ್ತವ ಅಲ್ಲ, ಕಂದಕ. ನೀವೇ ಆಡಿ ನೋಡಿ."

ಕೀಲಿಮಣೆಯಲ್ಲಿ ಒತ್ತಿದ ಕೀಲಿ ಡಬ್ಬಿಗೂ ಹೋಗುತ್ತದೆ, ಆಟದೊಳಗಿನ ಮನುಷ್ಯನಿಗೂ ಹೋಗುತ್ತದೆ. ಒಂದು ಕೀಲಿಗೆ ಹೆಜ್ಜೆ, ಇನ್ನೊಂದಕ್ಕೆ ಕುಪ್ಪಳಿಕೆ. 'ನಮಗೆ ನೀರು ಕೊಡಿ' ಎಂದು ಬರೆಯುವಷ್ಟರಲ್ಲಿ ಪ್ರಜೆ ಬಾಗಿಲಿನಿಂದ ಹಿಂದೆ ಹಿಂದೆ ನಡೆದು, ಎರಡು ಸಲ ಕುಪ್ಪಳಿಸಿ, ನೀರಿನೊಳಕ್ಕೇ ಬಿದ್ದ. ಡಬ್ಬಿ ತೆರೆದಿರುವಾಗ ಆಟಕ್ಕೆ ಕೀಲಿ ಮುಟ್ಟಬಾರದು ಅಂತ ಒಂದು ಆಜ್ಞೆ ಇದೆಯಂತೆ. ಕನ್ನಡಕ ತೋರಿಸಿದಳು. ಈಗ ಮನುಷ್ಯ ನಿಂತಲ್ಲೇ ನಿಂತು ಬರೆಯುತ್ತಾನೆ.

ಜುಲೈ 4, ಗುರುವಾರ

ಇವತ್ತು ಅಸ್ತ್ರ ಸಿಕ್ಕಿತು.

ಡಬ್ಬಿಯೊಳಗೆ ಮೊದಲೇ ಬರಹ ತುಂಬಿಸಿಡಬಹುದು. ಎರಡು ಬಗೆಯಂತೆ. ಒಂದು ಬೂದು ಬಣ್ಣದ ಸುಳಿವು. 'ಇಲ್ಲಿ ಬರೆಯಿರಿ' ಅಂತ ಇರುತ್ತದೆ, ಬರೆಯತೊಡಗಿದರೆ ಮಾಯ. ಇನ್ನೊಂದು ಗಟ್ಟಿ ಬರಹ. ಅಳಿಸದಿದ್ದರೆ ಹಾಗೇ ಹೋಗುತ್ತದೆ. ಕನ್ನಡಕ ಬೂದು ಸುಳಿವು ಹಾಕು ಅಂದಳು. ನಾನು ಗಟ್ಟಿ ಬರಹ ಹಾಕಿದೆ.

ಪ್ರಜೆಗೆ ಬರೆಯಲು ಹೊತ್ತೆಲ್ಲಿದೆ? ಹಗಲೆಲ್ಲ ಕಲ್ಲು ಹೊತ್ತವನು. ಚಳವಳಿಯಲ್ಲಿ ನಾವು ಅರ್ಜಿ ಅಚ್ಚು ಹಾಕಿಸಿಯೇ ಹಂಚುತ್ತಿದ್ದೆವು. ಜನ ಕೆಳಗೆ ಸಹಿ ಹಾಕಿದರೆ ಮುಗಿಯಿತು. ಹಾಗಾಗಿ ಡಬ್ಬಿಯಲ್ಲಿ ಬರೆದಿಟ್ಟೆ: 'ರಾಜರೇ, ನಾವು ಹೊತ್ತ ಕಲ್ಲಿನ ಮೇಲೆ ನೀವು ಕೂತಿದ್ದೀರಿ. ಇಳಿದು ಬನ್ನಿ, ಮಾತಾಡೋಣ.' ಮಾತಿಲ್ಲದ ಕೆಲಸವಂತೆ.

ಜುಲೈ 8, ಸೋಮವಾರ

ನಾಲ್ಕುನೂರ ಹನ್ನೆರಡು.

ಕಡತ ತೆರೆದು ನೋಡಿದರೆ ನಾಲ್ಕುನೂರ ಹನ್ನೆರಡು ಅರ್ಜಿ. ನಾಲ್ಕು ದಿನದಲ್ಲಿ, ಕೆಳಗಿನ ಏಳು ಜನ, ಆಡಿದ ಪ್ರತಿ ಸಲವೂ. ಎಲ್ಲರೂ ಒಂದೇ ಧ್ವನಿಯಲ್ಲಿ: ಇಳಿದು ಬನ್ನಿ, ಮಾತಾಡೋಣ. ಒಬ್ಬನೇ ಒಬ್ಬ ಹಿಂದೆ ಸರಿದಿಲ್ಲ. ಒಬ್ಬನೇ ಒಬ್ಬ ಅಕ್ಷರ ಬದಲಿಸಿಲ್ಲ. ಅಚ್ಚುಕೂಟದ ದೊಡ್ಡ ಮುಷ್ಕರದಲ್ಲಿ ಕೂಡ ಬೈಂಡಿಂಗ್ ವಿಭಾಗದವರು ಎರಡನೆಯ ಬೇಡಿಕೆಗೆ ತಕರಾರು ತೆಗೆದಿದ್ದರು. ಇಲ್ಲಿ ತಕರಾರೇ ಇಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತ ಏಳು ಜನರ ಎದೆಯಲ್ಲಿ ಇಷ್ಟು ಕೆಂಡ ಇದೆ ಅಂತ ಯಾರಿಗೆ ಗೊತ್ತಿತ್ತು? ನನಗೆ ಗೊತ್ತಿತ್ತು. ಜನ ಸತ್ತಿಲ್ಲ, ಅವರಿಗೊಂದು ಮಾತು ಬೇಕಿತ್ತು, ಕೊಟ್ಟೆ. ಇಪ್ಪತ್ತಾರು ವರ್ಷ ವ್ಯರ್ಥವಾಗಲಿಲ್ಲ.

ಇವಳಿಗೆ ಹೇಳಿದೆ. "ಒಳ್ಳೇದಾಯ್ತು. ಹಾಗೇ ನಂದೂ ಒಂದು..." ಅಂದಳು. ನಂದೂ ಒಂದು ಸಹಿ ಇರಲಿ ಅನ್ನಲು ಹೊರಟಳು. "ನಿನ್ನ ಬೆಂಬಲ ಇದ್ದೇ ಇದೆ, ಗೊತ್ತು" ಅಂದೆ. ಅವಳು ಹೊಲಿಗೆ ಯಂತ್ರದ ದಾರದ ಬಾಬಿನ್ ಬದಲಿಸಿದಳು.

ಜುಲೈ 9, ಮಂಗಳವಾರ

ಕನ್ನಡಕ ಕೇಳಿದಳು, "ಅಂಕಲ್, ಅವರು ಅದನ್ನ ಓದಿದಾರಾ?"

ಕೆಳಗೆ ಹೋಗಿ ಬಾಗಿಲಲ್ಲೇ ನಿಂತು ಕೇಳಿದೆ.

"ಯಾವುದು?" ಅಂದಳು ಕಂಡಕ್ಟರಮ್ಮ.

"ಅರ್ಜಿಯಲ್ಲಿರೋದು."

"ಅದರಲ್ಲಿ ಏನಾದ್ರೂ ಇತ್ತಾ? ಎಂಟರ್ ಒತ್ತಿದ್ರೆ ಬಾಗಿಲು ತೆಗೀತದೆ. ನಾವು ಒತ್ತತೀವಿ."

ಜುಲೈ 10, ಬುಧವಾರ

ಬರೆಯುವಂಥದ್ದು ಏನೂ ಇಲ್ಲ. ಹಲ್ಲು ನೋವು.

ಜುಲೈ 13, ಶನಿವಾರ

ದವಡೆಯ ಹಲ್ಲು ಕಿತ್ತರು. ಬಾಯಿ ತುಂಬ ಹತ್ತಿ. ಮೂರು ದಿನ ಮಾತಾಡಕೂಡದು ಅಂದಳು ಹಲ್ಲಿನ ಡಾಕ್ಟರು. ಆಗುವುದಿಲ್ಲ ಅನ್ನಲು ಬಾಯಿ ತೆರೆದೆ. ರಕ್ತ ಬಂತು.

ಜುಲೈ 14, ಭಾನುವಾರ

ಇವಳು ಬಟ್ಟೆ ಮಡಚುತ್ತ, "ಒಂದು ಮಾತು ಹೇಳ್ಲಾ?" ಅಂದಳು. ನಾನು ಹತ್ತಿಯ ಹಿಂದಿನಿಂದ ಹ್ಞೂಂ ಅಂದೆ. ನಾನು ಮುಂದೆ ಏನಾದರೂ ಹೇಳುತ್ತೇನೆಂದು ಕಾದಳು. ನಾನು ಹೇಳಲಿಲ್ಲ, ಹೇಳುವ ಹಾಗಿರಲಿಲ್ಲ.

"ಈ ಹೊಲಿಗೆ ಯಂತ್ರನ ಕಿಟಕಿ ಹತ್ರ ಇಡಬೇಕು ಅಂತ. ಗೋಡೆ ಕಡೆ ಮುಖ ಮಾಡಿ ಹೊಲೀತಾ ಹೊಲೀತಾ ಕಣ್ಣು ಹೋಗ್ತಾ ಇದೆ. ನಾಲ್ಕು ವರ್ಷ ಆಯ್ತು ಹೇಳ್ಬೇಕು ಅಂತ."

ನಾಲ್ಕು ವರ್ಷ. ನಾನು ಎರಡು ಕೈ ಎತ್ತಿ, ಹೇಳಬಾರದಿತ್ತಾ ಅನ್ನುವ ಸನ್ನೆ ಮಾಡಿದೆ.

"ಹೇಳೋಕೆ ಬಂದೆ. ನೀವು ಜಾಗತಿಕ ಬಂಡವಾಳದ ವಿಷಯ ತೆಗೆದ್ರಿ."

ಯಂತ್ರ ಎತ್ತಿ ಕಿಟಕಿಗೆ ಇಟ್ಟೆವು. ಆಮೇಲೆ ಅವಳು ತನ್ನ ತಂಗಿಯ ವಿಷಯ ಹೇಳಿದಳು. ಮೇಲಿನ ಮನೆಯವರ ವಿಷಯ, ತನಗೆ ಈಜು ಬರುವ ವಿಷಯ. ಅವಳಿಗೆ ಈಜು ಬರುತ್ತದೆ. ಹತ್ತಿ ನಾಲ್ಕು ಸಲ ಬದಲಾಯಿಸಿದೆ.

ಜುಲೈ 15, ಸೋಮವಾರ

ಮೇಲಿನ ಮಹಡಿಯಲ್ಲಿ ಎಲ್ಲರೂ ಹಲ್ಲಿನ ಬಗ್ಗೆ ಕೇಳುತ್ತಾರೆ, ಉತ್ತರಿಸುವಂತಿಲ್ಲ. ಅದಕ್ಕೇ ಕೆಳಗಿನ ಕೋಣೆಗೆ ಹೋಗಿ ಕೂತೆ. ಒಳಗೆ ಕಾಲಿಟ್ಟದ್ದು ಇದೇ ಮೊದಲು. ಏಳು ಕುರ್ಚಿ, ಐದಕ್ಕೆ ಬೆನ್ನಿಲ್ಲ. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ನಿಂತು ಹಾಡಬೇಕು. ಹಾಡು ಕೇಳಿದರೆ ಒಳಗೆ ಯಾರೋ ಇದ್ದಾರೆ ಎಂದು ಅರ್ಥ. ಗಿಡ್ಡ ಗಡ್ಡದ ಒಬ್ಬನಿಗೆ ಹಾಡು ಬರುವುದಿಲ್ಲ, ಅವನು ಬಸ್ ನಿಲ್ದಾಣಗಳ ಹೆಸರು ಹೇಳುತ್ತಾನೆ. ಕಂಡಕ್ಟರಮ್ಮ ಕಲಿಸಿದ್ದು.

ಮೂಕನ ಮುಂದೆ ಜನ ಸಲೀಸಾಗಿ ಮಾತಾಡುತ್ತಾರೆ. ಮೂರು ಗಂಟೆ ಮಾತಾಡಿದರು. ಕೊನೆಗೆ ಕಂಡಕ್ಟರಮ್ಮ ಅಂದಳು, "ನೀವು ಮಾತಾಡದಿದ್ರೆ ಒಳ್ಳೆ ಮನುಷ್ಯರೇ ಕಣ್ರೀ."

ಮೇಲೆ ಬಂದು ಡಬ್ಬಿಯೊಳಗಿನ ನನ್ನ ಬರಹ ತೆಗೆದೆ. ಎರಡೇ ಸಾಲು, ಅಳಿಸಲು ಬಹಳ ಹೊತ್ತು ಹಿಡಿಯಿತು. ಖಾಲಿ ಇದ್ದರೆ ಎಂಟರ್ ಒತ್ತಿದರೂ ಬಾಗಿಲು ತೆರೆಯಬಾರದು ಅಂತ ಇನ್ನೊಂದು ಆಜ್ಞೆ ಹಾಕಿದೆ. ಅಕ್ಷರದ ಮಿತಿ ಇನ್ನೂರು. ಇದು ತಾಂತ್ರಿಕ ತಿದ್ದುಪಡಿ ಮಾತ್ರ.

ಜುಲೈ 18, ಗುರುವಾರ

ಇಪ್ಪತ್ತಾರು ಅರ್ಜಿ ಬಂದಿವೆ. ಹತ್ತೊಂಬತ್ತರಲ್ಲಿ ಬರೀ ಚುಕ್ಕೆ. ನಾಲ್ಕರಲ್ಲಿ 'ಬಾಗಿಲು ತೆಗಿ'. ಎರಡು ನನಗೆ ಬೈಗುಳ. ಒಂದರಲ್ಲಿ, 'ರಾಜನಿಗೆ ಶೌಚಾಲಯ ಉಂಟಾ, ಅದಕ್ಕೆ ಚಿಲಕ ಉಂಟಾ.'

ಆ ಒಂದನ್ನು ನಾಲ್ಕು ಸಲ ಓದಿದೆ. ನಾನು ಬರೆದಿದ್ದರೆ ಹೀಗೆ ಬರುತ್ತಿರಲಿಲ್ಲ. ಪೀಠಿಕೆ ಹಾಕುತ್ತಿದ್ದೆ.

ಜುಲೈ 30, ಮಂಗಳವಾರ

ಚುಕ್ಕೆ ಕಡಿಮೆಯಾಗಿದೆ. 'ರಾಜರೇ, ಬೆನ್ನಿಲ್ಲದ ಸಿಂಹಾಸನದಲ್ಲಿ ಒಂದು ದಿನ ಕೂರಿ.' 'ನನ್ನ ಕಣ್ಣಲ್ಲಿ ನೀರು ಬರೋದು ಆಟದ ಕಥೆಗಲ್ಲ, ಪರದೆ ಬೆಳಕಿಗೆ.' 'ಹಾಡಿ ಹಾಡಿ ಗಂಟಲು ಹೋಗಿದೆ, ಚಿಲಕ ಕೊಡಿ.' 'ನನ್ನ ಮಗಳ ಶಾಲೆ ಬಿಡೋದು ನಾಲ್ಕಕ್ಕೆ, ನನ್ನನ್ನ ಬಿಡೋದು ಏಳಕ್ಕೆ, ಯಾವ ಮಂತ್ರಿ ಮಾಡಿದ ಲೆಕ್ಕ.'

ಯಾರು ಬರೆದರೆಂದು ಗೊತ್ತಿಲ್ಲ. ಕನ್ನಡಕಳನ್ನು ಕರೆದು ಓದಿ ಹೇಳಿದೆ. ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. ನಿಜವಾಗಿಯೂ ಅದರ ಹಿಂದೆ ಒಬ್ಬಳು ಇದ್ದಾಳೆ. "ಇದನ್ನ ಕರಪತ್ರ ಮಾಡ್ತೀರಾ?" ಅಂದಳು. ಮಾಡೋಣ ಅಂದುಕೊಂಡು ಶೀರ್ಷಿಕೆಯ ತನಕ ಹೋಗಿದ್ದೆ. ಮಧ್ಯಾಹ್ನ ಯಾಕೋ ಬಿಟ್ಟೆ. ಬಿಡುವಿರಲಿಲ್ಲ.

ಇವಳು ಊಟಕ್ಕೆ ಕೂತಾಗ ಏನಾಯಿತು ಅಂದಳು. ಹೇಳಿದೆ. ಅವಳು ಏಳು ಗಂಟೆಯ ಅರ್ಜಿಯ ಬಗ್ಗೆ ಎರಡು ಪ್ರಶ್ನೆ ಕೇಳಿದಳು. ಎರಡಕ್ಕೂ ಉತ್ತರ ನನಗೆ ಗೊತ್ತಿರಲಿಲ್ಲ.

ಆಗಸ್ಟ್ 12, ಸೋಮವಾರ

ಮಾಲೀಕ ಕಡತ ನೋಡಿದ್ದಾನೆ. ಇಪ್ಪತ್ತೊಂಬತ್ತನೇ ತಾರೀಕು ದೊಡ್ಡ ಕಂಪನಿಯವರು ಆಟ ನೋಡಲು ಬರುತ್ತಾರೆ. ಅದಕ್ಕೆ ಎಲ್ಲ ಸರಿಯಿದೆಯೇ ಎಂದು ತಡಕಾಡುವಾಗ ಕೈಗೆ ಸಿಕ್ಕಿದೆ.

"ಅರ್ಜಿ ಎಲ್ಲಿಗೂ ಹೋಗಬಾರದು ಅಂದಿದ್ನಲ್ಲ."

"ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದೆ" ಅಂದೆ.

"ಕುಟುಂಬದೊಳಗೆ ಹೀಗೆ ಬೆನ್ನ ಹಿಂದೆ ಬರೆಯೋದು ಸರೀನಾ?"

"ಬೆನ್ನೇ ಇಲ್ಲ ಅಂತಾನೇ ಬರೆದಿದಾರೆ. ಕುರ್ಚಿಗೆ."

ಅವನಿಗೆ ನಗು ಬರಲಿಲ್ಲ. ಪಾಪ, ಕಣ್ಣ ಕೆಳಗೆ ಕಪ್ಪಾಗಿತ್ತು. ಪಾಪ ಅನ್ನುವ ಪದವನ್ನು ಮಾಲೀಕನ ವಿಷಯದಲ್ಲಿ ಬರೆದೆನಲ್ಲ. ಹೊಡೆದು ಹಾಕಬೇಕು. ಇರಲಿ, ಪೆನ್ನು ಸರಿಯಿಲ್ಲ.

ಆಗಸ್ಟ್ 16, ಶುಕ್ರವಾರ

ಆಜ್ಞೆ ಬಂತು. ಅರ್ಜಿ ಡಬ್ಬಿಯ ಮೇಲೆ ಇನ್ನೊಂದು ಡಬ್ಬಿ ಇಡಬೇಕು. ಹೆಸರಿನದು. ಆಟದ ಪ್ರಜೆಯ ಹೆಸರಲ್ಲ, ಬರೆದವರ ನಿಜವಾದ ಹೆಸರು. ಅದು ಖಾಲಿಯಿದ್ದರೆ ಅರ್ಜಿ ಹೋಗಬಾರದು, ಅಂಚು ಕೆಂಪಾಗಬೇಕು. ಸೋಮವಾರ ಬೆಳಿಗ್ಗೆಗೆ ಆಗಬೇಕು.

"ಯಾಕೆ?" ಅಂದೆ.

"ಯಾರಿಗೆ ಏನು ಕಷ್ಟ ಅಂತ ಗೊತ್ತಾಗ್ಬೇಕಲ್ಲ." ಆಮೇಲೆ ಮೇಜಿನ ಮೇಲೆ ಒಂದು ಲಕೋಟೆ ಸರಿಸಿದ. "ಇದು ನಿಮ್ಮ ಖಾಯಂ ಪತ್ರ. ಸಹಿ ಒಂದು ಬಾಕಿ. ಸೋಮವಾರ ನೋಡೋಣ."

ಇಂಥ ಲಕೋಟೆಗಳನ್ನು ನಾನು ಬಲ್ಲೆ. ಆ ಏಳು ಹೆಸರು ಅವನ ಕೈಗೆ ಹೋದರೆ ಆ ಏಳು ಜನ ಬೀದಿಗೆ. ಮಾಡದಿದ್ದರೆ ನಾನು ಬೀದಿಗೆ. ಮಾಡಲು ನಾನಿಲ್ಲದಿದ್ದರೆ ಕನ್ನಡಕಳ ಕೈಯಲ್ಲಿ ಮಾಡಿಸುತ್ತಾನೆ. ಹದಿನೈದು ನಿಮಿಷದ ಕೆಲಸ.

ಹೆಸರಿನ ಡಬ್ಬಿ ಮಾಡಿದೆ. ಇಪ್ಪತ್ತು ಅಕ್ಷರ ಹಿಡಿಯುವಂಥದ್ದು. ಖಾಲಿ ಬಿಟ್ಟು ಎಂಟರ್ ಒತ್ತಿ ನೋಡಿದೆ. ಅಂಚು ಕೆಂಪಾಯಿತು. ಜೀವನದಲ್ಲಿ ಮೊದಲ ಸಲ ಕೆಂಪು ಬಣ್ಣವನ್ನು ಮಾಲೀಕನ ಪರವಾಗಿ ಬಳಸಿದೆ.

ಆದರೆ ಒಂದು ಯೋಜನೆ ಇದೆ.

ಆಗಸ್ಟ್ 17, ಶನಿವಾರ

ಅರ್ಧ ದಿನದ ಕೆಲಸ ಮುಗಿಯುವ ಹೊತ್ತಿಗೆ ಕೆಳಗೆ ಹೋಗಿ ಯೋಜನೆ ಹೇಳಿದೆ. ಎಲ್ಲರೂ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆಯಿರಿ. ಏಟು ನನಗೆ ಬೀಳಲಿ. ಹೋರಾಟದಲ್ಲಿ ಒಬ್ಬ ಮುಂದೆ ನಿಲ್ಲಬೇಕು, ನಾನು ನಿಂತು ಅಭ್ಯಾಸವಿದೆ.

ಏಳೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಚಿಲಕ ಇಲ್ಲದಿರೋದು ನಿಮಗಾ, ನಮಗಾ?" ಅಂದಳು ಕಂಡಕ್ಟರಮ್ಮ.

"ನಿಮಗೆ. ಆದರೆ ನಿಮ್ಮನ್ನ ಉಳಿಸೋಕೆ..."

"ನಾವು ಉಳಿಸಿ ಅಂದ್ವಾ?"

ಗಿಡ್ಡ ಗಡ್ಡದವನು, "ಅಲ್ಲ, ಒಬ್ಬರೇ ಏಳು ಸಲ ಶೌಚಾಲಯಕ್ಕೆ ಹೋಗಿದಾರೆ ಅಂದ್ರೆ ಯಾರು ನಂಬ್ತಾರೆ" ಅಂದ. ಎಲ್ಲರೂ ನಕ್ಕರು. ಎರಡು ತಿಂಗಳ ಹಿಂದಾಗಿದ್ದರೆ ಒಂದು ಗಂಟೆ ಭಾಷಣ ಮಾಡಿ ಒಪ್ಪಿಸುತ್ತಿದ್ದೆ. ಇವತ್ತು ಊಟದ ಹೊತ್ತಾಗಿತ್ತು, ಬಂದುಬಿಟ್ಟೆ.

ಆಗಸ್ಟ್ 19, ಸೋಮವಾರ

ಹನ್ನೊಂದು ಗಂಟೆಗೆ ಕಡತದಲ್ಲಿ ಏಳು ಅರ್ಜಿ. ಏಳು ಹೆಸರು. ಒಂದೂ ನನ್ನದಲ್ಲ. ಅವರವರದೇ, ಪೂರ್ತಿಯಾಗಿ, ತಂದೆ ತಾಯಿ ಇಟ್ಟದ್ದು. ಒಬ್ಬಳ ಹೆಸರು ಉದ್ದವಾಗಿ ಇಪ್ಪತ್ತು ಅಕ್ಷರಕ್ಕೆ ತುಂಡಾಗಿತ್ತು. ಉಳಿದದ್ದನ್ನು ಅರ್ಜಿಯ ಡಬ್ಬಿಯ ಮೊದಲ ಸಾಲಿಗೆ ಸೇರಿಸಿದ್ದಳು.

ಎರಡೂವರೆ ತಿಂಗಳಿಂದ ಇಲ್ಲಿದ್ದೇನೆ, ಇವರ ಪರವಾಗಿ ಬರೆದೆ, ಇವರಿಗಾಗಿ ಸಾಯಲು ಹೊರಟೆ, ಒಬ್ಬರ ಹೆಸರೂ ಕೇಳಿರಲಿಲ್ಲ. ಕಂಡಕ್ಟರಮ್ಮನಿಗೆ ಎಂಥ ಚೆಂದದ ಹೆಸರು. ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದ ಕಡೆ ಅವಳೇ ಬರೆದಿದ್ದಾಳೆ.

ಮಾಲೀಕ ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಓದಿದ. ಹೊರಗೆ ಬರಲಿಲ್ಲ.

ಆಗಸ್ಟ್ 20, ಮಂಗಳವಾರ

ಕೆಳಗಿನವರು ಬರೆದ ಮೇಲೆ ನಾನು ಸುಮ್ಮನಿರುವುದು ತಪ್ಪು. ನನ್ನದೂ ಒಂದು ಅರ್ಜಿ ಇರಲಿ ಅಂತ ಡಬ್ಬಿ ತೆರೆದೆ.

ಹೆಸರಿನ ಜಾಗದಲ್ಲಿ 'ಈ ದೇಶದ ಸಮಸ್ತ ಶೋಷಿತ ದುಡಿಯುವ ಜನರ ಪರವಾಗಿ' ಎಂದು ಹೊಡೆದೆ. ಅರ್ಧಕ್ಕೇ ನಿಂತಿತು. ಮಿತಿ ಹಾಕಿದವನು ನಾನೇ. ಅಳಿಸಿ ನನ್ನ ಹೆಸರು ಹಾಕಿದೆ. ಕೆಳಗಿನ ಡಬ್ಬಿಯಲ್ಲಿ ಇತಿಹಾಸದಿಂದ ಶುರುಮಾಡಿದೆ. ಇನ್ನೂರು ಅಕ್ಷರ ಮುಗಿದಾಗ ಇನ್ನೂ ಕಳೆದ ಶತಮಾನದಲ್ಲೇ ಇದ್ದೆ. ಅಳಿಸಿದೆ.

ನನಗೆ ಏನು ಬೇಕು? ಚಿಲಕ ಅವರಿಗೆ ಬೇಕು. ಕುರ್ಚಿ ಅವರಿಗೆ ಬೇಕು. ಇಪ್ಪತ್ತಾರು ವರ್ಷ ಎಲ್ಲರಿಗೆ ಬೇಕಾದ್ದೆಲ್ಲ ಬರೆದಿದ್ದೇನೆ. ಖಾಲಿ ಡಬ್ಬಿಯಲ್ಲಿ ಕಡ್ಡಿಯಂಥ ಗೆರೆ ಮಿನುಗುತ್ತಲೇ ಇತ್ತು. ಕನ್ನಡಕ ಎರಡು ಸಲ ಬಂದು ನೋಡಿ ಹೋದಳು.

ಮೂರೂವರೆಗೆ ಬರೆದೆ: 'ನನಗೆ ಈ ಕೆಲಸ ಬೇಕು.'

ಕಾರ್ಯತಂತ್ರದ ದೃಷ್ಟಿಯಿಂದ ಹಾಗೆ ಬರೆದದ್ದು. ಒಳಗಿದ್ದರೆ ತಾನೇ ಹೋರಾಟ. ಎಂಟರ್ ಒತ್ತಿದ ಮೇಲೆ ಕಿವಿ ಬಿಸಿಯಾಯಿತು. ಪೊಲೀಸರು ಎತ್ತಿ ವ್ಯಾನಿಗೆ ಹಾಕಿದಾಗಲೂ ಹೀಗೆ ಆಗಿರಲಿಲ್ಲ.

ಆಗಸ್ಟ್ 21, ಬುಧವಾರ

ಮಾಲೀಕ ಕೆಳಗಿನ ಕೋಣೆಗೆ ಬಂದ. ನನ್ನನ್ನೂ ಕರೆಸಿದ. ಕೈಯಲ್ಲಿ ಎಂಟು ಹಾಳೆ.

"ಇಪ್ಪತ್ತೊಂಬತ್ತಕ್ಕೆ ಜನ ಬರ್ತಾರೆ. ಕೊನೇ ಹಂತ ಇನ್ನೂ ಯಾರೂ ಆಡಿ ಮುಗಿಸಿಲ್ಲ" ಅಂದ.

"ಹೌದು, ಮುಗಿಸಿಲ್ಲ" ಅಂದಳು ಕಂಡಕ್ಟರಮ್ಮ. ಉಳಿದ ಆರು ಜನ ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಯಾರೂ ಘೋಷಣೆ ಕೂಗಲಿಲ್ಲ. ನಾನೂ ಕೂಗಲಿಲ್ಲ. ಬಾಯಿ ತನಕ ಬಂದಿತ್ತು.

ಅವನು ಎಲ್ಲರನ್ನೂ ಒಮ್ಮೆ ನೋಡಿದ. ಏಳು ಜನರನ್ನು ಒಂದೇ ವಾರದಲ್ಲಿ ಎಲ್ಲಿಂದ ತರುತ್ತಾನೆ. ಅವನಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. "ಚಿಲಕ ಇವತ್ತೇ ಹಾಕಿಸ್ತೀನಿ. ಕುರ್ಚಿ ಈ ತಿಂಗಳು ಎರಡು. ಏಳು ಗಂಟೆ ವಿಷಯ ಬಂದವರು ಹೋದ್ಮೇಲೆ."

"ಬರೆದು ಕೊಡಿ" ಅಂದಳು ಕಂಡಕ್ಟರಮ್ಮ.

"ಎಲ್ಲಿ ಬರೀಲಿ?"

ಅವಳು ಪರದೆ ತಿರುಗಿಸಿ ಡಬ್ಬಿ ತೋರಿಸಿದಳು. ಅವನು ಹೆಸರು ಹಾಕದೆ ಎಂಟರ್ ಒತ್ತಿದ. ಅಂಚು ಕೆಂಪಾಯಿತು. ಹೆಸರು ಹಾಕಿದ. ಅಣ್ಣ ಅಲ್ಲ, ಪೂರ್ತಿ ಹೆಸರು.

ಆಮೇಲೆ ಎಂಟನೆಯ ಹಾಳೆ ಹಿಡಿದು ನನ್ನ ಕಡೆ ತಿರುಗಿದ. "ಇದು ನಿಮ್ಮದೇನಾ? ಇಷ್ಟು ಚಿಕ್ಕದು?"

"ನನ್ನದೇ."

"ದಿನಾ ಬೆಳಿಗ್ಗೆ ಬಂದು ಇದೂ ಒಂದು ಕೆಲಸಾನಾ ಅಂತಿದ್ರಿ. ಮೂರು ತಿಂಗಳಾದ್ಮೇಲೆ ಹೋಗೋರು ಅಂತ ನಿಮ್ಮ ಜಾಗಕ್ಕೆ ಒಬ್ಬರನ್ನ ನೋಡಿ ಇಟ್ಟಿದೀನಿ. ಲಕೋಟೆ ತೋರಿಸಿದ್ದು ಡಬ್ಬಿ ಬೇಗ ಆಗ್ಲಿ ಅಂತ."

ಲಕೋಟೆಯಲ್ಲಿ ಏನಿತ್ತು ಅಂತ ಕೇಳಿದೆ. ಖಾಲಿ ಅಂದ. ಮಾಲೀಕ ಮಾಲೀಕನೇ.

"ಬೇಕು ಅಂತ ನನಗೆ ನಿನ್ನೆ ಮೂರೂವರೆಗೆ ಗೊತ್ತಾಯ್ತು" ಅಂದೆ.

ಅವನು ಹಾಳೆಗಳನ್ನು ಜೋಡಿಸಿದ, ಬಿಚ್ಚಿದ, ಮತ್ತೆ ಜೋಡಿಸಿದ. "ಈ ಡಬ್ಬಿ ಹೊರಗಿನವರು ಆಡುವಾಗಲೂ ಇರತ್ತೆ. ಬಂದಿದ್ದನ್ನ ಓದೋಕೆ ಒಬ್ಬರು ಬೇಕಾಗ್ತಾರೆ. ಓದೋದಷ್ಟೇ. ಬರೆಯೋ ಹಾಗಿಲ್ಲ. ಮೇಲೆ ಜಾಗ ಇಲ್ಲ, ಇಲ್ಲೇ ಕೂರಬೇಕು. ಆಗತ್ತಾ?"

ಕಂಡಕ್ಟರಮ್ಮ ನನ್ನ ಮುಖ ನೋಡಿದಳು. "ಬರೆಯೋ ಹಾಗಿ-ಲ್ಲ" ಅಂತ ಬಿಡಿಸಿ ಹೇಳಿದಳು, ನಿಲ್ದಾಣ ಕೂಗಿದ ಹಾಗೆ.

ಆಗುತ್ತದೆ ಅಂದೆ.

ಸೆಪ್ಟೆಂಬರ್ 2, ಸೋಮವಾರ

ಖಾಯಂ. ಈ ಸಲ ಲಕೋಟೆಯೊಳಗೆ ಕಾಗದ ಇತ್ತು, ನೋಡಿಯೇ ತೆಗೆದುಕೊಂಡೆ. ಬೆಳಿಗ್ಗೆ ಚೀಲ ಎತ್ತಿಕೊಂಡು ಕೆಳಗೆ ಬಂದೆ. ಶೌಚಾಲಯಕ್ಕೆ ಚಿಲಕ ಬಂದಿದೆ, ಯಾರೂ ಹಾಡುತ್ತಿಲ್ಲ. ಗಿಡ್ಡ ಗಡ್ಡದವನು ಮಾತ್ರ ಅಭ್ಯಾಸಬಲದಿಂದ ಎರಡು ನಿಲ್ದಾಣ ಹೇಳಿ ನಿಲ್ಲಿಸಿದ.

ಹೊಸ ಕುರ್ಚಿ ಎರಡು ಬಂದಿವೆ, ಅವು ಅವರಿಗೆ. ಎಂಟನೆಯವನಿಗೆ ಕುರ್ಚಿಯೇ ಇಲ್ಲ. ಕಾಗದದ ಪೆಟ್ಟಿಗೆ ಬೋರಲು ಹಾಕಿ ಕೂತಿದ್ದೇನೆ. ಮಧ್ಯಾಹ್ನಕ್ಕೆ ಅದು ಕುಸಿಯಿತು.

ಡಬ್ಬಿ ತೆರೆದು, ಹೆಸರು ಹಾಕಿ, 'ಒಂದು ಕುರ್ಚಿ' ಎಂದು ಬರೆದು ಕಳಿಸಿದೆ. ಇನ್ನೂ ಓದಬೇಕಾದ ಅರ್ಜಿಗಳಲ್ಲಿ ಅದು ಮೂವತ್ತೊಂದನೆಯದು. ಓದುವವನು ನಾನೇ. ಮೊದಲು ತೆಗೆದು ಮೇಲಿಡಬಹುದಿತ್ತು. ಇಡಲಿಲ್ಲ. ಮುಂದೆ ಮೂವತ್ತು ಅರ್ಜಿ ಇವೆ. ಇವತ್ತು ನಾಲ್ಕನೆಯದರವರೆಗೆ ಓದಿದೆ. ಐದನೆಯದು ಉದ್ದವಿದೆ, ಅರ್ಥವಾಗಬೇಕಾದರೆ ಬರೆದವಳನ್ನೇ ಕೇಳಬೇಕು. ನಾಳೆ ನಿಂತುಕೊಂಡೇ ಕೇಳುತ್ತೇನೆ.